ನಡುವಿನ ಸೀಟು

ದುರ್ಗಿಗುಡಿಯ ಟ್ರಾವೆಲ್ಸ್ ಅಂಗಡಿಯಲ್ಲಿ
ಫರ್ಹಾನಾ ಮೇಜಿನ ತುಂಬ ಹಡಗನ್ನು ಹರಡಿದಳು.
ಹನ್ನೊಂದು ಮಹಡಿ. ಗೂಡು ಗೂಡು.
ಜೇನುಹಟ್ಟಿಯನ್ನು ಉದ್ದಕ್ಕೆ ಸೀಳಿಟ್ಟ ಹಾಗೆ.
ಬಾಲ್ಕನಿ ಇರುವುದು, ಕಿಟಕಿ ಇರುವುದು, ಏನೂ ಇಲ್ಲದ್ದು,
ಒಂದೊಂದಕ್ಕೂ ಒಂದು ಬಣ್ಣ, ಒಂದು ರೇಟು.
"ಯಾವುದು ಬೇಕು ಆಂಟಿ?" ಅಂದಳು ನನ್ನನ್ನೇ ನೋಡಿ.
ದುಡ್ಡು ನನ್ನದು: ಹದಿನಾಲ್ಕು ವರ್ಷದ ಚೀಟಿ.

ಉತ್ತರ ಮಾತ್ರ ಇವರಿಂದ ಬಂತು.
ಕನ್ನಡಕ ಹಣೆಗೇರಿಸಿ, ಬೆರಳಿಟ್ಟು,
ಮೂತಿಯಿಂದ ಹಿಂದಕ್ಕೆ ಎಣಿಸುತ್ತಾ ಹೋದರು,
ತಲೆ ಎಣಿಸಿ ಅಭ್ಯಾಸ.
"ಮುಂದಿನದು ಬೇಡ, ಎತ್ತೆತ್ತಿ ಕುಕ್ಕುತ್ತದೆ.
ಹಿಂದಿನ ಸೀಟು ಹಗೆಯವನಿಗೂ ಬೇಡ.
ಮೇಲೆ ಹೋದಷ್ಟೂ ತೂಗಾಟ ಜಾಸ್ತಿ,
ಟಾಪಿನ ಮೇಲೆ ಕೂತು ಬಂದವರನ್ನು ಕೇಳು.
ಎರಡು ಚಕ್ರದ ನಡುವೆ, ಆದಷ್ಟು ಕೆಳಗೆ."
"ಹಡಗಿಗೆ ಚಕ್ರ ಇಲ್ಲ ಅಂಕಲ್."
"ಇಲ್ಲದಿದ್ದರೇನು, ನಡು ಇದೆಯಲ್ಲ."

ಮೂವತ್ತೊಂದು ವರ್ಷ ಶಿವಮೊಗ್ಗ–ಕುಂದಾಪುರ.
ತೀರ್ಥಹಳ್ಳಿ, ಮಾಸ್ತಿಕಟ್ಟೆ, ಹುಲಿಕಲ್ ಘಾಟಿ.
ಚಂಡಿಕಾಂಬೆಯೆದುರು ಬಸ್ಸು ನಿಲ್ಲಿಸಿ, ಕಾಸು ಹಾಕಿ,
ಕುಂಕುಮ ಹಚ್ಚಿಕೊಂಡು ಇಳಿಯಲು ಶುರು.
ಮೊದಲ ತಿರುವಿಗೇ ಮಾತು ನಿಲ್ಲುತ್ತಿತ್ತಂತೆ,
ಮೂರನೆಯದಕ್ಕೆ ಹೊಸ ಗಂಡಹೆಂಡಿರು ಕೂಡ
ಬೇರೆ ಬೇರೆ ಕಿಟಕಿಗೆ.
ಬಸುರಿ ಹತ್ತಿದರೆ ನಡುವಿನ ಸೀಟು ಖಾಲಿ ಮಾಡಿಸುವುದು
ಇವರದೇ ಕಾನೂನು, ಡಿಪೋದವರು ಬರೆದದ್ದಲ್ಲ.

ಆ ಕಾನೂನಿನ ಇನ್ನೊಂದು ಕಲಮು ನಾನು.
ರಾತ್ರಿ ಪಾತ್ರೆ ಬೋರಲು ಹಾಕಿದ ಮೇಲೆ
ಹಳೇ ಪೇಪರು, ಮೈದಾ ಅಂಟು;
ದಿನಕ್ಕೆ ಇಪ್ಪತ್ತು ಪೊಟ್ಟಣ ಮಡಿಸುತ್ತಿದ್ದೆ
ಗುರುತಿಲ್ಲದವರ ವಾಂತಿಗೆಂದು.
ಪಕ್ಕ ಎರಡು ಪದರ. ತಳ ಮೂರು.
ಮಂತ್ರಿಗಳು, ಮುಂಗಾರು, ಚಿನ್ನದ ಧಾರಣೆ,
ಎಲ್ಲ ಮಡಿಸುತ್ತಾ ಓದಿದ್ದು. ನನ್ನ ಲೋಕಜ್ಞಾನವೆಲ್ಲ
ಘಾಟಿಯ ಕೊರಕಲಿಗೆ ಬಿದ್ದಿದೆ.

ನಾನು ಅಲ್ಲಿ ಇಳಿದದ್ದು ಒಂದೇ ಸಲ, ಹೊಸತರಲ್ಲಿ.
ಕಣ್ಣು ಮುಚ್ಚಿ, ನಿಂಬೆಹಣ್ಣು ಮೂಗಿಗೊತ್ತಿ.
ಕಡಲು ಬಂತು ಅಂದರು. ತಲೆಯೆತ್ತಲಿಲ್ಲ.

"ಹಾಗಾದರೆ ಇದು," ಫರ್ಹಾನಾ ತೋರಿಸಿದಳು.
"ಮೂರನೇ ಮಹಡಿ, ನಟ್ಟನಡು, ಒಳಗಡೆ. ಕಿಟಕಿಯಿಲ್ಲ. ಅಗ್ಗ."
ಇವರು ಆಗಲೇ ಟಿಕೆಟ್ಟು ಹರಿದುಕೊಟ್ಟವರ ಹಾಗೆ ತಲೆಯಾಡಿಸಿದರು.

ನಾನು ಕೇಳಿದೆ:
"ನಿಮಗೆ ಯಾಕೆ ಒಂದು ದಿನವೂ ವಾಂತಿ ಬರಲಿಲ್ಲ?"

ಇವರು ಅಂಗಡಿಯ ಫ್ಯಾನು ನೋಡಿದರು.
"ಬಂತು. ಮೊದಲ ತಿಂಗಳು, ದಿನಾ.
ಹೊಸಂಗಡಿಯ ನಲ್ಲಿಯಲ್ಲಿ ಅಂಗಿ ತೊಳೆದುಕೊಳ್ಳುತ್ತಿದ್ದೆ."
ಮೂವತ್ತೊಂದು ವರ್ಷ ನನಗೆ ಹೇಳದ ಮಾತು
ಯಾರದೋ ಮಗಳೆದುರು, ರಶೀದಿ ಪುಸ್ತಕದೆದುರು.
"ಆಮೇಲೆ ಡ್ರೈವರ್ ಲಾಜರಸ್ ಹೇಳಿದ,
ಕೈಯಲ್ಲಿರುವ ಟಿಕೆಟ್ಟು ನೋಡಬೇಡ, ಕಾಲು ನೋಡಬೇಡ,
ದೂರ ನೋಡು, ಕದಲದೆ ಇರುವುದು ಯಾವುದೋ ಅದನ್ನು."

"ಮತ್ತೆ ಕಿಟಕಿಯಿಲ್ಲದ ಗೂಡಿನಲ್ಲಿ
ನಾನು ದೂರವನ್ನು ಎಲ್ಲಿಂದ ತರಲಿ?"

ಅದೇ ಮಹಡಿ, ಅದೇ ನಡು, ದುಂಡು ಕಿಟಕಿ.
ಆರು ಸಾವಿರ ಜಾಸ್ತಿ. ಸಹಿ ನಾನೇ ಹಾಕಿದೆ.

ಈಗ ಮನೆಯಲ್ಲಿ ಶುಂಠಿ ಒಣಗುತ್ತಿದೆ.
ಮಾತ್ರೆ ಹಡಗು ಬಿಡುವ ಮೊದಲು ನುಂಗಬೇಕಂತೆ,
ಹೊಟ್ಟೆ ತೊಳೆಸಿದ ಮೇಲೆ ನುಂಗಿದರೆ ಮೀನಿಗೆ.
ಬರೀ ಹೊಟ್ಟೆ ಕೂಡದು, ಬಿರಿಯುವಷ್ಟೂ ಕೂಡದು.
ಪೇಪರಿನ ಮೇಲೆ ಕೂತರೆ ಏನೂ ಆಗದು
ಎನ್ನುತ್ತಾಳೆ ಹಿಂದಿನ ಮನೆಯ ಪದ್ದಕ್ಕ.

ಪೇಪರು ನನಗೆ ಬೇರೆ ಕೆಲಸಕ್ಕೆ ಬೇಕು.
ನಿನ್ನೆ ರಾತ್ರಿ ಅಂಟು ಕಲಸಿದೆ.
ಹವಾಮಾನದ ಮೂಲೆಯಲ್ಲಿತ್ತು: ಅರಬ್ಬೀ ಸಮುದ್ರ ಶಾಂತ.
ಆ ಮಗ್ಗುಲು ಹೊರಗೆ ಬರುವ ಹಾಗೆ ಮಡಿಸಿದೆ.

"ಎಷ್ಟು?" ಅಂದರು ಇವರು, ಬಾಗಿಲಲ್ಲಿ ನಿಂತು.
"ಇಪ್ಪತ್ತು."
"ನಮ್ಮಿಬ್ಬರಿಗೆ?"
"ಹಡಗಿನಲ್ಲಿ ಬೇರೆಯವರೂ ಇರುತ್ತಾರಲ್ಲ."