ಹಗ್ಗದವನ ತಕರಾರು

ಆ ಕಥೆಯ ಮೇಲೆ ನನ್ನದೊಂದು ತಕರಾರಿದೆ.
ವಸಿಷ್ಠರು ಮೈಗೆ ಹಗ್ಗ ಬಿಗಿದು ಹೊಳೆಗೆ ಬಿದ್ದರು,
ಹೊಳೆ ಗಂಟು ಬಿಚ್ಚಿ ದಡಕ್ಕೆ ಬಿಟ್ಟಳು,
ಅಂದಿನಿಂದ ಅವಳು ವಿಪಾಶೆ, ಪಾಶ ಕಳಚಿದವಳು.
ಸರಿ.
ಆದರೆ ಹಗ್ಗ ಯಾರದು?

ಗುಡಿಯ ಮೆಟ್ಟಿಲಲ್ಲಿ ಕೂತು
ಬಿಸಿನೀರ ಕುಂಡದಿಂದ ಗಂಧಕದ ವಾಸನೆ ಹೊತ್ತು
ಒದ್ದೆ ತಲೆಯಲ್ಲಿ ಬಂದವರನ್ನೆಲ್ಲ ಕೇಳಿದ್ದೇನೆ.
ನಗುತ್ತಾರೆ. ಪೂಜಾರಿ ಧನೇಸರ ಮಾತ್ರ,
"ಝಾಬೇ, ಋಷಿಯ ಹತ್ತಿರವೂ ನಿನ್ನ ವ್ಯಾಪಾರವೇ?"

ವ್ಯಾಪಾರವಲ್ಲ ಮಾರಾಯ.
ಆಡುಗೂದಲ ಹಗ್ಗ ಹೊಸೆಯುತ್ತ
ಐವತ್ತು ಹಿಮಗಾಲ ಸವೆಸಿದ ಕೈ ಇದು.
ನಿದ್ದೆಯಲ್ಲೂ ಹೆಬ್ಬೆರಳು ತೋರುಬೆರಳನ್ನು ತೀಡುತ್ತದಂತೆ,
ಖಿಮಿ ಹೇಳುತ್ತಾಳೆ.
ಈ ಕೈಗೆ ಗೊತ್ತಿರುವುದು ಒಂದೇ ಶಾಸ್ತ್ರ:
ನೀರು ಕುಡಿದ ಹುರಿ ಉಬ್ಬುತ್ತದೆ,
ಉಬ್ಬಿದ ಗಂಟು ಕಚ್ಚಿಕೊಳ್ಳುತ್ತದೆ.
ಕೂದಲಾಗಲಿ, ನಾರಾಗಲಿ, ಋಷಿಗಳ ದರ್ಭೆಯೇ ಆಗಲಿ.
ಹೊಳೆ ಗಂಟು ಬಿಚ್ಚಿದಳಂತೆ!
ಹೊಳೆ ಗಂಟು ಬಿಗಿಯುವವಳು.

ನೂರು ಮಕ್ಕಳು.
ಹಿರಿಯ ಶಕ್ತಿಯಿಂದ ಹಿಡಿದು ಒಬ್ಬೊಬ್ಬರನ್ನೂ
ರಕ್ಕಸನಾದ ರಾಜ ತಿಂದು ತೇಗಿದ.
ಮುದುಕ ಮೇರುವಿನ ನೆತ್ತಿಯಿಂದ ಧುಮುಕಿದ,
ಕೆಳಗಿನ ಬಂಡೆ ಅರಳೆಯ ರಾಶಿಯಾಯಿತು.
ಕಾಳ್ಗಿಚ್ಚಿನೊಳಗೆ ನಡೆದ, ಕಿಚ್ಚು ತಣ್ಣಗಾಯಿತು.
ಕಡಲಿಗಿಳಿದ, ಕಡಲು ಹೊತ್ತು ತಂದು ಮರಳಲ್ಲಿಟ್ಟಿತು.
ಎಂಥ ತಪಸ್ಸೋ ಏನೋ,
ತಟ್ಟಿದ ಬಾಗಿಲಿಗೆಲ್ಲ ಒಳಗಿಂದ ಚಿಲಕ.

ಕೊನೆಗೆ ಹಗ್ಗ.

ಇಲ್ಲೊಂದು ಮಾತು, ಧನೇಸರನಿಗೂ ಹೇಳಿಲ್ಲ.
ದೊಡ್ಡ ನೆರೆಯ ವರ್ಷ
ಮರದ ದಿಮ್ಮಿಯ ಸೇತುವೆ, ಮೂವತ್ತು ಕುರಿ,
ಕುರಿಗಳ ಹಿಂದೆ ನಮ್ಮ ಲೋತು.
ಕುರಿಗಳಲ್ಲಿ ನಾಲ್ಕು ಸಿಕ್ಕವು.
ತಿಥಿಯೆಲ್ಲ ಮುಗಿದ ಮೇಲೆ ಒಂದು ರಾತ್ರಿ
ಹೊಸ ಹಗ್ಗ ತೆಗೆದುಕೊಂಡು ಬಿಯಾಸಿನ ದಡಕ್ಕೆ ಹೋದೆ.
ಮೂರೆಳೆಯದು, ಕಪ್ಪು ಬಿಳಿ ಬೆರೆಸಿ ಹೊಸೆದದ್ದು,
ಲೋತುವಿನ ಮದುವೆ ದಿಬ್ಬಣದ ಕುದುರೆಗೆಂದು.
ಅವತ್ತು ಕೈಗೆ ತಿಳಿಯಿತು:
ತನ್ನನ್ನು ತಾನು ಕಟ್ಟಿಕೊಳ್ಳುವವನ ಕೊನೆಯ ಗಂಟು
ಎಂಥ ನುರಿತವನದಾದರೂ ಸಡಿಲ.
ಆ ಗಂಟಿಗೆ ಇನ್ನೊಬ್ಬರ ಕೈ ಬೇಕು.

ನೀರು ಕಣಕಾಲಿಗೆ ಬಂದಿತ್ತು, ಅಷ್ಟೇ.
ಹಿಂದೆ ಕಲ್ಲು ಸರಿದ ಸದ್ದು. ಖಿಮಿ.
ಕೂಗಲಿಲ್ಲ, ಅಳಲಿಲ್ಲ. ಕುಕ್ಕರಗಾಲಲ್ಲಿ ಕೂತು
ತಲೆಯ ಪಿನ್ನು ತೆಗೆದು, ಪಿನ್ನು ಬಾಗಿದ ಮೇಲೆ ಉಗುರಿನಿಂದ,
ನೆನೆದ ಗಂಟುಗಳನ್ನು ಒಂದೊಂದೇ ಬಿಡಿಸಿದಳು.
ಎದುರು ಗುಡ್ಡ ಬೂದು ಬಣ್ಣಕ್ಕೆ ತಿರುಗುವವರೆಗೆ.
"ಒಳ್ಳೆ ಹಗ್ಗ," ಅಂದಳು. "ಎಸೆಯಬೇಡ.
ಹಸುವಿಗಿನ್ನೂ ಹುಲ್ಲು ಹಾಕಿಲ್ಲ."

ಕಥೆಯಲ್ಲೂ ಹೀಗೇ ಒಬ್ಬಳು ಬರುತ್ತಾಳೆ.
ಸತ್ತ ಶಕ್ತಿಯ ಹೆಂಡತಿ, ತುಂಬು ಬಸುರಿ,
ಮಾವನ ಬೆನ್ನ ಹಿಂದೆ ನಡೆದೇ ನಡೆದಳು.
ಬಸಿರೊಳಗಿಂದ ಮಗು ವೇದ ಹೇಳುವುದು ಕೇಳಿ
ಮುದುಕ ಆಗ ಕೇಳಿದ: ಯಾರದು?
ನಾನು, ಅದೃಶ್ಯಂತಿ.
ಅಂದರೆ, ಕಣ್ಣಿಗೆ ಕಾಣದವಳು.
ಅಷ್ಟು ಬೆಟ್ಟ ಹತ್ತಿ ಅಷ್ಟು ಹೊಳೆ ಇಳಿದವನು
ಒಮ್ಮೆಯೂ ಹಿಂದೆ ತಿರುಗಿರಲಿಲ್ಲ.

ಮತ್ತೆ ಅರುಂಧತಿ?
ಆ ನೂರು ಮಕ್ಕಳನ್ನು ಹೆತ್ತವಳು ಅವಳು ತಾನೇ.
ಅವಳು ಯಾವ ಬೆಟ್ಟಕ್ಕೆ ಹೋದಳು, ಯಾವ ನೀರಿಗೆ?
ಕೇಳಿದರೆ ಧನೇಸರ ಆಕಾಶ ತೋರಿಸುತ್ತಾನೆ:
ಅಗೋ, ಗಂಡನ ಪಕ್ಕದಲ್ಲೇ, ಸಣ್ಣ ಚುಕ್ಕಿ.

ಹಗ್ಗ ಇನ್ನೂ ಗಟ್ಟಿಯಾಗಿದೆ. ಕರು ಕಟ್ಟುತ್ತೇವೆ.
ಸಂಜೆ ಖಿಮಿ ಹೆಂಗಸರ ಕುಂಡದಲ್ಲಿ ಮಿಂದು
ಕೆನ್ನೆ ಕೆಂಪಾಗಿ ಬರುತ್ತಾಳೆ, ರೊಟ್ಟಿ ಬಡಿಯುತ್ತಾಳೆ.
ನಾನು ಕದಿರು ತಿರುಗಿಸುತ್ತೇನೆ.
ಹದಿನಾಲ್ಕು ವರ್ಷವಾಯಿತು, ಬಾಯಿಗೆ ಬಂದದ್ದು
ಪ್ರತಿ ಸಲ ಹುರಿಯೊಳಗೇ ಸೇರಿಹೋಗುತ್ತದೆ:

ಆ ರಾತ್ರಿ ನನಗೆ ನೀರು ಕಣಕಾಲಿನಷ್ಟು.
ನನ್ನನ್ನು ಹುಡುಕಿಕೊಂಡು ಬಂದವಳ ಉಣ್ಣೆಯ ಪಟ್ಟು
ಎದೆಯವರೆಗೆ ಒದ್ದೆಯಾಗಿತ್ತು.