ನನ್ನ ಬಲ್ಲವರಿಬ್ಬರು

ಅರ್ಜಿಯ ಕೊನೆಯ ಪುಟದಲ್ಲಿ ಎರಡು ಖಾಲಿ ಚೌಕ:
ನಿಮ್ಮನ್ನು ಚೆನ್ನಾಗಿ ಬಲ್ಲ ಇಬ್ಬರು ಅಧ್ಯಾಪಕರ ಪತ್ರ.
ಕಾಲೇಜು ಸೇರಿ ಹನ್ನೊಂದು ವಾರ.
ನೂರೆಂಬತ್ತು ಮಂದಿಯ ಹಾಲಿನಲ್ಲಿ
ಹಿಂದಿನಿಂದ ಮೂರನೇ ಸಾಲು ನನ್ನದು,
ಏಸಿಯ ಗಾಳಿ ನೇರ ಕತ್ತಿಗೆ ಬೀಳುವ ಜಾಗ.

ಬಲ್ಲವರೇ ಇಲ್ಲವೆಂದಲ್ಲ.
ಅಲ್ ಖೌದಿನ ಬಸ್ಸಿನ ಡ್ರೈವರ್ ಬಲ್ಲ,
ಬಾಗಿಲು ಮುಚ್ಚಿದ ಮೇಲೂ ಓಡಿ ಬರುವವಳೆಂದು.
ಕರಕ್ ಚಹಾದ ಕುಞ್ಞಾಲಿಕ್ಕ ಬಲ್ಲರು,
ಸಕ್ಕರೆ ಬೇಡ, ಬಾಕಿ ನಾಳೆ ಎಂದು.
ಲ್ಯಾಬಿನಲ್ಲಿ ಗಾಜು ತೊಳೆಯುವ ಅನ್ವಾರುಲ್ ಭಾಯಿ ಬಲ್ಲರು,
ಎಲ್ಲರೂ ಹೋದ ಮೇಲೂ ಉಳಿದು
ಬೀಕರಿನ ತಳದಲ್ಲಿ ಉಪ್ಪು ಕೂರುವುದನ್ನೇ
ನೋಡುತ್ತ ನಿಲ್ಲುವವಳೆಂದು.
ಅವರ ಸಹಿಗೆ ಚೌಕವಿಲ್ಲ.

ಡಾಕ್ಟರ್ ಬುಸೈನಾರ ಬಾಗಿಲ ಹೊರಗೆ
ಮೂರು ದಿನ ಮಾತು ಬಾಯಿಪಾಠ ಮಾಡಿದೆ.
ನಾಲ್ಕನೇ ದಿನ ಬಾಗಿಲು ತಾನೇ ತೆರೆಯಿತು.
"ಯಾರನ್ನು ಹುಡುಕುತ್ತಿದ್ದೀ?"
ಎಲ್ಲ ಮರೆತು, "ನಿಮ್ಮನ್ನೇ" ಎಂದೆ.
ಕಡಲ ನೀರು ಸಿಹಿಯಾದ ಮೇಲೆ
ಉಳಿದ ಗಟ್ಟಿ ಉಪ್ಪುನೀರು ಎಲ್ಲಿಗೆ ಹೋಗುತ್ತದೆ,
ಮೀನು ಅದಕ್ಕೆ ಏನನ್ನುತ್ತದೆ,
ಅದನ್ನು ನೋಡುವ ಎರಡು ತಿಂಗಳ ಕೆಲಸ ಮೇಡಂ, ಸೊಹಾರಿನಲ್ಲಿ.
ಅವರು ಕನ್ನಡಕ ತೆಗೆದು ಒರೆಸಿಕೊಂಡರು.
"ನೀನೇ ಬರೆದು ತಾ. ನೋಡಿ ಸಹಿ ಹಾಕುತ್ತೇನೆ."

ರಾತ್ರಿ ಅಡುಗೆಮನೆಯ ಮೇಜಿನಲ್ಲಿ
ನನ್ನನ್ನು ನಾನೇ 'ಈಕೆ' ಎಂದು ಕರೆದೆ.
ಈಕೆ ಪರಿಶ್ರಮಿ. ಈಕೆ ಚುರುಕು. ಈಕೆ ಅಪಾರ ಕುತೂಹಲಿ.
ಯಾರೀಕೆ? ನನಗೇ ಗುರುತು ಸಿಗಲಿಲ್ಲ.
ಬಂಗಡೆ ಕೊಯ್ಯುತ್ತಿದ್ದ ಅಮ್ಮ
"ತನ್ ಬಗ್ಗೆ ತಾನೇ ಬರ್ಕಂಬುದಾ? ನಾಚ್ಕಿ ಆತಿಲ್ಯಾ?"
ಎಂದು ನಕ್ಕಳು.
ಅಪ್ಪ ನಗಲಿಲ್ಲ.
ಬರ್ಕಾದ ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ ಇಪ್ಪತ್ತೆರಡು ವರ್ಷ;
ಅದಕ್ಕೂ ಮೊದಲು, ಕಂಪನಿ ಬದಲಿಸುವ ಒಂದು ಕಾಗದಕ್ಕಾಗಿ
ಹದಿನಾಲ್ಕು ತಿಂಗಳು ಕಫೀಲನ ಮಜ್ಲಿಸಿನ ಹೊರಗೆ
ಚಪ್ಪಲಿಗಳ ಪಕ್ಕ ನಿಂತವರು.
ಕಾಗದದಲ್ಲಿದ್ದದ್ದು ಒಂದೇ ಮಾತು: ಆಕ್ಷೇಪವಿಲ್ಲ.
ಒಳ್ಳೆಯವನು ಅಂತಲೂ ಅಲ್ಲ, ಆಕ್ಷೇಪವಿಲ್ಲ, ಅಷ್ಟೇ.
ಅದು ಇನ್ನೂ ಪ್ಲಾಸ್ಟಿಕ್ ಹೊದ್ದು ಕಪಾಟಿನಲ್ಲಿದೆ.

ಗುರುವಾರ ಮೇಡಂ ನನ್ನ ಕರಡು ಓದಿದರು.
ಹಸಿರು ಪೆನ್ನು ಪರಿಶ್ರಮವನ್ನು ಹೊಡೆಯಿತು,
ಚುರುಕನ್ನು ಹೊಡೆಯಿತು,
ಅಪಾರದ ಮೇಲೆ ಸ್ವಲ್ಪ ಹೊತ್ತು ನಿಂತು, ಅದನ್ನೂ.
ಒಂದು ಪುಟ ನಾಲ್ಕು ಸಾಲಾಯಿತು.
ಐದನೆಯದನ್ನು ತಾವೇ ಸೇರಿಸಿದರು:
'ಬ್ಯೂರೆಟ್ ಒಡೆದದ್ದನ್ನು ಯಾರೂ ಕಂಡಿರಲಿಲ್ಲ.
ಈಕೆಯೇ ಬಂದು ಹೇಳಿದಳು.'
ನಾನು ಹೇಳಿದ್ದು ಅವರಿಗಲ್ಲ,
ಅನ್ವಾರುಲ್ ಭಾಯಿಗೆ.

ಎರಡನೇ ಚೌಕ ಇನ್ನೂ ಖಾಲಿ, ಭಾನುವಾರ ಕೊನೆ;
ಗಣಿತದ ಸರ್ ಮೂರು ಮೇಲಿಗೂ ಸುಮ್ಮನಿದ್ದಾರೆ.
ಬಂದ ಒಂದನ್ನು ಮೊಬೈಲಿನಲ್ಲಿ ಅಪ್ಪನಿಗೆ ತೋರಿಸಿದೆ.
ಮಂಜಿನಲ್ಲಿ ಮರಗಟ್ಟಿದ ಬೆರಳಿಗೆ ಪರದೆ ಮಣಿಯಲಿಲ್ಲ,
ನಾನೇ ಸರಿಸಿದೆ, ಮೇಲಕ್ಕೆ, ಮತ್ತೆ ಕೆಳಕ್ಕೆ.
ಫೋನನ್ನು ಒಮ್ಮೆ ಮಗುಚಿ
ಬೆನ್ನನ್ನೂ ನೋಡಿದರು.
"ಎಲ್ಲ ಸರಿ ಇತ್ತ್," ಎಂದರು.
"ಸೀಲ್ ಎಲ್ಲಿತ್ ಹೆಣೆ?"