ಹಾಪ್ಸಾಲು, ಸೀಸನ್ನು ಮುಗಿದ ಮೇಲೆ

ಬಸ್ಸು ನನ್ನನ್ನು ಇಳಿಸಿದ್ದು ರೈಲು ನಿಲ್ದಾಣದಲ್ಲಿ.
ರೈಲು ಇಲ್ಲಿಗೆ ಬರುವುದು ನಿಂತು ಕಾಲವಾಯಿತು.
ಆದರೂ ಮರದ ಕೆತ್ತನೆಯ ಆ ಉದ್ದನೆ ಮಾಡು,
ರಾಜನೊಬ್ಬ ಇಳಿದರೆ ತಲೆ ನೆನೆಯದಿರಲೆಂದು
ನೂರು ವರ್ಷದ ಹಿಂದೆ ಎತ್ತಿದ್ದು,
ಇನ್ನೂ ನೆರಳು ಹಿಡಿದುಕೊಂಡೇ ನಿಂತಿದೆ.
ಅದರಡಿ ಈಗ ಒಬ್ಬ ಹುಡುಗ ಸೈಕಲ್ಲು ಕಲಿಯುತ್ತಿದ್ದಾನೆ.
ಬಿದ್ದ. ಎದ್ದ. ಯಾರೂ ನೋಡಲಿಲ್ಲವೆಂದುಕೊಂಡ.

ಸೆಪ್ಟೆಂಬರಿನ ಕೊನೆ. ಐಸ್‌ಕ್ರೀಮಿನ ಕಿಟಕಿಗೆ ಹಲಗೆ ಬಡಿದಿದ್ದಾರೆ.
ಕಡಲಂಚಿನಲ್ಲಿ ಮರದ ಕಸೂತಿ ತೊಟ್ಟ ಕುಣಿತದ ಮನೆ,
ಬಾಗಿಲಿಗೆ ಬೀಗ; ಒಳಗೆ ಕುರ್ಚಿಗಳು
ಒಂದರ ತೊಡೆಯ ಮೇಲೊಂದು ಕೂತಿವೆ.
ನನ್ನ ಮಂಡಿಗೆ ಇಲ್ಲಿನ ಕೆಸರು ಒಳ್ಳೆಯದಂತೆ.

ಮನೆಯೊಡತಿಯ ಹೆಸರು ಲೈನೆ.
ಅವಳ ಭಾಷೆಯಲ್ಲಿ ಅಲೆ ಎಂದರ್ಥ.
"ಈ ಊರಲ್ಲಿ ಅಲೆ ಅಂದರೆ ನಾನೊಬ್ಬಳೇ" ಅಂದಳು,
ನೀರಿನ ಕಡೆ ಗದ್ದ ಎತ್ತಿ ತೋರಿಸಿ.
ನಿಜ. ಕೊಲ್ಲಿ ತಟ್ಟೆಗೆ ಬಸಿದ ಗಂಜಿತಿಳಿಯ ಹಾಗೆ ಕೂತಿತ್ತು.
ಮೊಣಕಾಲುದ್ದ ನೀರು, ಜೊಂಡು, ಜೊಂಡಿನಾಚೆ ಹಂಸ.
ಹಂಸವೆಂದರೆ ನಾನು ಬಲ್ಲದ್ದು
ಹಾಲು ನೀರು ಬೇರೆ ಮಾಡುವ ಪುಸ್ತಕದ ಹಂಸ;
ಇವು ಕೆಸರಲ್ಲಿ ತಲೆ ಹುಗಿದು, ಬುಡ ಮೇಲೆ ಮಾಡಿ
ಹೊಟ್ಟೆಪಾಡು ನೋಡಿಕೊಳ್ಳುತ್ತಿದ್ದವು.

ಕೆಸರಿನ ಮನೆಯಲ್ಲಿ ಬಿಳಿ ಕೋಟಿನ ಹುಡುಗಿ
"ಲೋಹವೆಲ್ಲ ತೆಗೆಯಿರಿ" ಎಂದಳು.
ಬಳೆ, ಓಲೆ, ಸರ ಒಂದು ಬಟ್ಟಲಿಗೆ ಬಿದ್ದವು.
ಎಡಗಾಲಿನ ಕಾಲುಂಗುರ ಸುಮ್ಮನೆ ಬಂತು;
ಬಲಗಾಲಿನದು ಸೋಪಿಗೂ ಬಗ್ಗಲಿಲ್ಲ. ಮೂವತ್ತೊಂದು ವರ್ಷ.
ತಿರುಚಿ, ಬೈದು, ಕೊನೆಗೂ ಕಳಚಿದರೆ ಬೆರಳ ಸುತ್ತ
ಬಿಸಿಲು ಕಾಣದ ಒಂದು ಗೆರೆ.
ಅದರ ಮೇಲೂ ಬಿಸಿ ಕೆಸರು ಮೆತ್ತಿದರು:
ಕಪ್ಪು, ಬೆಣ್ಣೆಯಂಥದ್ದು, ಕೊಳೆತ ಮೊಟ್ಟೆಯ ನಾತ.
ಇಪ್ಪತ್ತು ನಿಮಿಷ ನಾನು ಯಾರೂ ಆಗಿರಲಿಲ್ಲ.
ಗಂಟೆ ಹೊಡೆದಾಗ ಮತ್ತೆ ಆದೆ.

ಸಂಜೆ ಲೈನೆ ಶಾಲು ಹೆಣೆಯುತ್ತಾಳೆ.
ಹೊಗೆಯಂಥ ಬಿಳಿ ಉಣ್ಣೆ, ಅದರಲ್ಲಿ ಎಲೆ, ಬಳ್ಳಿ,
ನಡುನಡುವೆ ಗುಂಜಿ ಗಾತ್ರದ ಗಂಟು.
"ಹಿಂದೆ ತೂಕಕ್ಕೆ ಮಾರುತ್ತಿದ್ದರಂತೆ. ಗಂಟು ಹೆಚ್ಚಿದಷ್ಟೂ ಕಾಸು.
ನಮ್ಮಜ್ಜಿಯರಿಗೆ ಅಂದ ಹೊಳೆದದ್ದು ಹಾಗೆ."

ಅವಳು ಹುಡುಗಿಯಾಗಿದ್ದಾಗ, ಆಚೆ ಊರಿನ ದಂಡೆಯಲ್ಲಿ,
ಕತ್ತಲಾಗುವ ಮುಂಚೆ ಸಿಪಾಯಿಗಳು ಮರಳಿಗೆ ಹಲುಬೆ ಹೊಡೆಯುತ್ತಿದ್ದರು,
ಬಿತ್ತುವುದಕ್ಕಲ್ಲ.
ರಾತ್ರಿ ಯಾರಾದರೂ ಸಮುದ್ರಕ್ಕೆ ಓಡಿದರೆ
ಬೆಳಿಗ್ಗೆ ಹೆಜ್ಜೆ ಮೊಳೆತಿರಬೇಕು.
ನಾನು ಮಾತು ಬದಲಿಸಲು ಹೋಗಿ ಅಂದೆ:
ನಿಮ್ಮ ನಿಲ್ದಾಣ ಎಷ್ಟು ಚೆಂದ.
ಕಡ್ಡಿ ನಿಂತವು.
"ಚಿಕ್ಕಮ್ಮನನ್ನು ಒಯ್ದದ್ದು ಅಲ್ಲಿಂದಲ್ಲ. ರಿಸ್ತಿಯಿಂದ.
ಇದು ತೀರಾ ಚೆಂದವಿತ್ತು, ಅದಕ್ಕೆ."
ಮತ್ತೆ ಎಣಿಸಿದಳು, ತಪ್ಪಿತು, ಎರಡು ಸಾಲು ಬಿಚ್ಚಿದಳು.

ಮುಗಿದ ಶಾಲು ಉಂಗುರದೊಳಗೆ ಹಾಯಬೇಕು, ಅದೇ ಪರೀಕ್ಷೆ.
ಅವಳ ಉಂಗುರ ಊದಿದ ಗಿಣ್ಣಿನ ಹಿಂದೆ ಸೆರೆ.
ಪರ್ಸಿನಿಂದ ನನ್ನದನ್ನು ತೆಗೆದು ಕೊಟ್ಟೆ.
ಕಾಲಿನದು ಎಂದು ಹೇಳಲಿಲ್ಲ.
ಬೆಳಕಿಗೆ ಹಿಡಿದಳು, ಒರೆಸಿದಳು, ಪೆಟ್ಟಿಗೆಯಿಂದ ಹಳೆಯ ಶಾಲೊಂದರ
ಮೂಲೆ ಹೊಸೆದು ತೂರಿಸಿದಳು.
ಬಂತು, ಬಂತು, ಬೀಗದ ಕಿಂಡಿಯಲ್ಲಿ ಮಂಜು ನುಸುಳಿದ ಹಾಗೆ,
ನಡುವೆ ಒಂದು ಗಂಟು ಕಚ್ಚಿಕೊಂಡಿತು.
ಅತ್ತಲೂ ಇಲ್ಲ, ಇತ್ತಲೂ ಇಲ್ಲ.
ಉಸಿರು ಹಿಡಿದು ಇಬ್ಬರೂ ಎಳೆದೆವು,
ಹಸುವಿನ ಹೆರಿಗೆಗೆ ಕೂತ ಇಬ್ಬರು ಮುದುಕಿಯರ ಹಾಗೆ,
ಆಮೇಲೆ ನಗು ಬಂದು ಕೈ ಸೋತವು.
"ಕತ್ತರಿ ತರಲಾ?"
ಬೇಡ, ಇರಲಿ ಬಿಡಿ ಅಂದೆ.

ಬೆಳಿಗ್ಗೆ ಬಸ್ಸು ತಡ.
ಮಾಡಿನಡಿ ಈ ತುದಿಯಿಂದ ಆ ತುದಿಗೆ ನಡೆದೆ,
ಇನ್ನೂರು ದಾಟಿ ಎಲ್ಲೋ ಹೆಜ್ಜೆಯ ಲೆಕ್ಕ ತಪ್ಪಿತು.
ಮಂಡಿ ನೋಯುತ್ತಲೇ ಇದೆ, ಸ್ವಲ್ಪ ಬೇರೆ ಥರ.
ಚಪ್ಪಲಿಯೊಳಗೆ ಒಂದು ಬೆರಳಿಗೆ ಮಾತ್ರ ಚಳಿ.
ಹುಡುಗ ಬಂದ. ಈಗ ಒಂದೇ ಕೈ,
ಸುಯ್ಯನೆ ಹಾದುಹೋದ,
ನಾನು ನೋಡಿದೆನೋ ಇಲ್ಲವೋ ಎಂದು
ತಿರುಗಿ ನೋಡಿದ.